ಹೆಬ್ಬೆಟ್ಟಿನ ಅರ್ಥ ಹೇಳುವವರಾರು?

"ಹಳ್ಳಿಯವನಿಗೆ ಯಂತ್ರದ ಒಳಗುಟ್ಟು ಯಾಕೆ ಬೇಕು? ಒತ್ತೆಂದಲ್ಲಿ ಒತ್ತಿದರಾಯಿತು, ಬೆರಳಿಡೆಂದಲ್ಲಿ ಇಟ್ಟರಾಯಿತು. ವಿವರ ತಿಳಿದುಕೊಂಡು ಅವನು ಮಾಡುವದೇನಿದೆ?" ಇಂಥ ಮಾತು ಈಚೆಗೆ ಸುಶಿಕ್ಷಿತರೆನಿಸಿಕೊಂಡವರ ಬಾಯಲ್ಲಿ ಯಾವ ಸಂಕೋಚವೂ ಇಲ್ಲದೆ ಬರುತ್ತಿರುವದನ್ನು ನಮ್ಮ ವಾಚಕರು ಕೇಳಿಯೇ ಇರುವರು. ಆಡುವವರು ದುಷ್ಟರಲ್ಲ. ಅವರಲ್ಲಿ ಬ್ಯಾಂಕಿನ ಅಧಿಕಾರಿಗಳಿರುವರು, ಎಂಜಿನಿಯರರಿರುವರು, ಹಳ್ಳಿಯಲ್ಲಿಯೇ ಹುಟ್ಟಿ ಪಟ್ಟಣ ಸೇರಿದ ತರುಣರೂ ಇರುವರು. ಆದರೆ ಮಾತಿನ ವಿಷವು ಆಡುವವನ ಸೌಜನ್ಯದಿಂದ ಇಳಿಯುವದಿಲ್ಲ. ಒಂದು ಕಾಲಕ್ಕೆ ಸಾಲಕೊಡುವ ಸಾಹುಕಾರನೂ ಇದನ್ನೇ ಹೇಳುತ್ತಿದ್ದನು: "ಪತ್ರದಲ್ಲಿ ಏನು ಬರೆದಿದೆಯೆಂಬ ಉಸಾಬರಿ ನಿನಗೇಕಪ್ಪಾ, ಹೆಬ್ಬೆಟ್ಟು ಒತ್ತು." ಆ ಒಂದು ಒತ್ತಿನಿಂದ ಎಂಥೆಂಥ ಹೊಲಗಳು ಕೈಬದಲಾದವೆಂಬದನ್ನು ನಮ್ಮ ಸೀಮೆಯ ಯಾವ ಮುದುಕನನ್ನು ಕೇಳಿದರೂ ಹೇಳಿಯಾನು.

ಸಂಡೂರು ತಾಲೂಕಿನ ಬಂಡ್ರಿಯನ್ನು ಕಣ್ಣೆದುರಿಗಿಟ್ಟುಕೊಂಡೇ ನಾವು ಈ ಪ್ರಶ್ನೆಯನ್ನು ವಿಚಾರಿಸುವೆವು. ಮಳೆಯನ್ನೂ ಕೊಳವೆಬಾವಿಯನ್ನೂ ನೆಚ್ಚಿ ಬಾಳುವ ಇಂಥ ಊರಿನ ರೈತನಿಗೆ ಯಂತ್ರದ ಮಾತು ತಲೆಗೆ ಹತ್ತದೆಂದು ಹೇಳಿದವರಾರು? ಅವನ ಬೋರಿನ ಮೋಟರಿಗೆ ಮೂರು ತಂತಿಗಳಲ್ಲಿ ವಿದ್ಯುತ್ತು ಬರುವದು. ಒಂದು ತಂತಿ ಸತ್ತರೆ ಮೋಟರು ತಿರುಗಲಾರದೆ ಗುಂಯ್ ಎಂದು ಮುಲುಗಿ, ಬಿಸಿಯಾಗಿ, ಕಾಯಿಲು ಸುಟ್ಟುಕೊಳ್ಳುವದೆಂದು ಅವನು ಬಲ್ಲನು. ಇಲ್ಲದ ಫೇಜಿನ ಕೆಲಸವನ್ನು ಕಂಡೆನ್ಸರಿನಿಂದ ಮಾಡಿಸಿಕೊಳ್ಳುವ ಉಪಾಯವನ್ನೂ, ಹಾಗೆ ಮಾಡಿಸಿದರೆ ಮೋಟರಿನ ಆಯುಷ್ಯ ಕುಂದುವದೆಂಬದನ್ನೂ ಬಲ್ಲನು. ಅವನಿಗೆ ಇದನ್ನು ಕಲಿಸಿದ್ದು ಯಾವ ಕಾಲೇಜೂ ಅಲ್ಲ. ಕಾಯಿಲು ಸುತ್ತುವ ಅಂಗಡಿಯವನು ಸುಟ್ಟ ಮೋಟರನ್ನು ಬಿಚ್ಚಿ, ಕರಕಾದ ತಂತಿಯನ್ನು ಕೈಯಲ್ಲಿ ಹಿಡಿದು ತೋರಿಸಿ, ನಾಲ್ಕು ಮಾತಿನಲ್ಲಿ ಹೇಳಿದನು, ಇವನು ತಿಳಿದುಕೊಂಡನು.

ಇನ್ನು ಸಂಡೂರಿನ ಗಣಿಗುಡ್ಡಗಳ ಕಡೆಗೆ ನೋಡಿರಿ. ದೋಣಿಮಲೈಯಲ್ಲಿ ೧೯೭೭ರಿಂದ ಅದಿರು ತೆಗೆಯುವ ಕೆಲಸ ದೊಡ್ಡ ಯಂತ್ರಗಳಿಂದ ನಡೆದುಬಂದಿದೆ. ಅಲ್ಲಿ ಟಿಪ್ಪರು ಓಡಿಸಿದವರು, ಮಣ್ಣು ಅಗೆಯುವ ಯಂತ್ರಗಳ ಮೇಲೆ ಕೂತವರು ಈ ಸೀಮೆಯ ಹಳ್ಳಿಹಳ್ಳಿಗಳಲ್ಲಿರುವರು. ಇಷ್ಟು ಗಾತ್ರದ ತೊಟ್ಟಿ ತಾನಾಗಿ ಹೇಗೆ ಮೇಲಕ್ಕೇಳುವದೆಂದು ಅವರಲ್ಲೊಬ್ಬನನ್ನು ಕೇಳಿದರೆ, "ಎಣ್ಣಿ ಕುಗ್ಗಂಗಿಲ್ಲ ನೋಡಣ್ಣ, ಈ ಕಡಿ ಒತ್ತಿದ್ರ ಆ ಕಡಿ ಎತ್ತಲೇಬೇಕು" ಎನ್ನುವನು. ಭೌತಶಾಸ್ತ್ರದ ಪುಸ್ತಕಗಳು ಪಾಸ್ಕಲನ ನಿಯಮವೆಂದು ಒಂದು ಪುಟದಲ್ಲಿ ವಿಸ್ತರಿಸುವ ಸಂಗತಿಯ ತಿರುಳು ಆ ಒಂದು ಮಾತಿನಲ್ಲಿದೆ. ಅಂದ ಬಳಿಕ ಕೊರತೆಯು ಕೇಳುವ ಕಿವಿಯಲ್ಲಿಲ್ಲ, ಕನ್ನಡದಲ್ಲಿಯೂ ಇಲ್ಲ. ಹೇಳಬೇಕಾದವನು ಹೇಳುವದಿಲ್ಲ. ಕೆಲವೆಡೆ ಅವನಿಗೇ ವಿಷಯ ಸ್ಪಷ್ಟವಾಗಿ ತಿಳಿದಿರುವದಿಲ್ಲ. ಹಲವೆಡೆ ತಿಳಿಸಿ ಹೇಳಿದರೆ ಮರುಪ್ರಶ್ನೆ ಬಂದೀತೆಂಬ ಅಂಜಿಕೆ.

ಹೇಳದೆ ಹೋದರೆ ಆಗುವ ಹಾನಿ ಎಂಥದೆಂಬದಕ್ಕೆ ನಾವು ದೂರದ ನಿದರ್ಶನವನ್ನು ಹುಡುಕಬೇಕಾಗಿಲ್ಲ. ಹೆಬ್ಬೆಟ್ಟಿನ ಸಂಗತಿಯನ್ನೇ ನೋಡೋಣ.

ಹೆಬ್ಬೆಟ್ಟು ಒತ್ತುವದೆಂದರೆ ನಮ್ಮ ಹಳ್ಳಿಗಳಲ್ಲಿ ತಲೆಮಾರುಗಳಿಂದ ಎರಡೇ ಅರ್ಥ: ಒಂದು "ಒಪ್ಪಿದೆ", ಇನ್ನೊಂದು "ಮುಟ್ಟಿತು". ಕೂಲಿ ತೆಗೆದುಕೊಂಡರೆ ಹೆಬ್ಬೆಟ್ಟು; ಮನಿಯಾರ್ಡರು ಬಂದರೆ ಪೋಸ್ಟಿನವನ ಕಾಗದದ ಮೇಲೆ ಹೆಬ್ಬೆಟ್ಟು. ಕೈಗೆ ಏನಾದರೂ ಬರುವದಿದ್ದಾಗ ಬೆರಳು ಒತ್ತುವದು ರೂಢಿಯಾಗಿ ರಕ್ತದಲ್ಲಿ ಸೇರಿಹೋಗಿದೆ. ಇಂದು ನ್ಯಾಯಬೆಲೆ ಅಂಗಡಿಯಲ್ಲಿ ಗಾಜಿನ ಮೇಲೆ ಬೆರಳಿಟ್ಟರೆ ಅಕ್ಕಿ ಬರುವದು. ರೂಢಿಯ ಅರ್ಥ ಅಲ್ಲಿಯೂ ಕೆಡಲಿಲ್ಲ. ಆದರೆ ಅದೇ ಮುದುಕಿಯು ಅಲ್ಲಿಂದ ನಾಲ್ಕು ಹೆಜ್ಜೆ ನಡೆದು, ಬ್ಯಾಂಕಿನ ಪರವಾಗಿ ಊರಲ್ಲಿಯೇ ಹಣ ಕೊಡುವ ಬ್ಯಾಂಕ್ ಮಿತ್ರನ ಮುಂದೆ ಕೂತು, ಅಂಥದೇ ಗಾಜಿನ ಮೇಲೆ ಅದೇ ಬೆರಳನ್ನು ಇಟ್ಟಾಗ ನಡೆಯುವದು ಬೇರೆಯೇ ಸಂಗತಿ. ಅಲ್ಲಿ ಆ ಬೆರಳು ರಸೀತಿಯಲ್ಲ, ಹುಕುಮು. "ನನ್ನ ಖಾತೆಯಿಂದ ಇಷ್ಟು ತೆಗೆಯಿರಿ" ಎಂದು ಅವಳು ಬ್ಯಾಂಕಿಗೆ ಕೊಟ್ಟ ಅಪ್ಪಣೆ ಅದು. ಗಾಜು ಒಂದೇ, ಬೆರಳು ಒಂದೇ, ಅರ್ಥ ಮಾತ್ರ ತಿರುವುಮುರುವು. ಈ ಒಂದು ವ್ಯತ್ಯಾಸವನ್ನು ಅವಳಿಗೆ ಕೂರಿಸಿ ಹೇಳಿದವರಾರು?

ಆ ಯಂತ್ರದ ಒಳಗೆ ಆಗುವದೇನೆಂಬದನ್ನು ನಾವೇ ಇಲ್ಲಿ ಹೇಳಿಬಿಡುವೆವು. ಹೇಳಲಿಕ್ಕೆ ಬರುವದೋ ಇಲ್ಲವೋ ವಾಚಕರೇ ತೀರ್ಮಾನಿಸಲಿ. ಆ ಪುಟ್ಟ ಪೆಟ್ಟಿಗೆಯಲ್ಲಿ ಹಣವಿಲ್ಲ. ಯಾರ ಬೆರಳಿನ ಗುರುತೂ ಅದರಲ್ಲಿ ಕೂಡಿಟ್ಟಿಲ್ಲ. ಬಹುದೂರದಲ್ಲಿ ಆಧಾರ್ ಎಂಬ ಒಂದು ದೊಡ್ಡ ದಫ್ತರವಿದೆ. ನಮ್ಮೆಲ್ಲರ ಬೆರಳಿನ ಗೆರೆಗಳು ಒಂದೊಂದು ಸಂಖ್ಯೆಯ ಕೆಳಗೆ ಅಲ್ಲಿ ದಾಖಲಾಗಿವೆ. ಪೆಟ್ಟಿಗೆಯು ಮುದುಕಿಯ ಸಂಖ್ಯೆಯನ್ನೂ ಬೆರಳಿನ ಗೆರೆಯನ್ನೂ ಅಲ್ಲಿಗೆ ಕಳಿಸಿ, "ಇವಳು ಅವಳೇ ಹೌದೋ ಅಲ್ಲವೋ?" ಎಂದು ಕೇಳುವದು. ದಫ್ತರವು ಹೌದು ಅಥವಾ ಅಲ್ಲ, ಇಷ್ಟೇ ಉತ್ತರ ಕೊಡುವದು. ಹೌದೆಂದರೆ ಅವಳ ಬ್ಯಾಂಕು ತನ್ನ ಖಾತೆಪುಸ್ತಕದಲ್ಲಿ ಆ ಮೊತ್ತವನ್ನು ಅವಳ ಹೆಸರಿಗೆ ಖರ್ಚು ಬರೆದು, ಕೊಡುವವನಿಗೆ ಕೊಡೆಂದು ಹೇಳುವದು. ಮರ್ಮವಿರುವದು ಇನ್ನೂ ಮುಂಚೆ. ಬಾಕಿ ನೋಡುವದೋ ಹಣ ತೆಗೆಯುವದೋ, ತೆಗೆಯುವದಾದರೆ ಎಷ್ಟು, ಎಂಬದನ್ನು ಪೆಟ್ಟಿಗೆಗೆ ಒತ್ತಿ ತಿಳಿಸುವವನು ಎದುರಿಗೆ ಕೂತವನು. ಬಾಕಿ ನೋಡುವದಕ್ಕೂ ಅದೇ ಬೆರಳು, ಹಣ ತೆಗೆಯುವದಕ್ಕೂ ಅದೇ ಬೆರಳು. ಬೆರಳಿಡುವವಳಿಗೆ ಅಲ್ಲಿ ಯಾವದು ನಡೆದಿದೆಯೆಂದು ಓದಿ ತಿಳಿಯುವ ದಾರಿಯಿಲ್ಲದಿದ್ದರೆ, ಎದುರಿಗಿದ್ದವನ ಪ್ರಾಮಾಣಿಕತನವೊಂದೇ ಅವಳಿಗೆ ಬೇಲಿ. ಈ ಕೆಲಸ ಮಾಡುವ ತರುಣರು ಬಹುತೇಕ ಊರವರೇ, ಒಳ್ಳೆಯವರೇ. ಮಳೆಬಿಸಿಲಿನಲ್ಲಿ ಬಸ್ಸು ಹಿಡಿದು ಪಟ್ಟಣಕ್ಕೆ ಹೋಗುವ ಕಷ್ಟವನ್ನು ಅವರು ತಪ್ಪಿಸಿರುವರೆಂಬದನ್ನು ನಾವು ಮರೆಯುವದಿಲ್ಲ. ಆದರೆ ಬೇಲಿಯ ಕೀಲಿಯನ್ನು ಪೂರ್ತಿಯಾಗಿ ಒಬ್ಬನ ಒಳ್ಳೆಯತನಕ್ಕೆ ಒಪ್ಪಿಸುವದು ಅವನಿಗೂ ಕ್ಷೇಮವಲ್ಲ. ಒಂದು ದಿನ ಲೆಕ್ಕ ತಪ್ಪಿದರೆ ಊರೆಲ್ಲ ಅವನನ್ನೇ ಕಳ್ಳನೆನ್ನುವದು.

ಇದು ನಾಲ್ಕು ಜನರ ಸಮಸ್ಯೆಯೆಂದು ತಳ್ಳಿಹಾಕುವಂತಿಲ್ಲ. ೨೦೧೯ರಿಂದ ಕೇಂದ್ರ ಸರಕಾರವು ರೈತನಿಗೆ ವರ್ಷಕ್ಕೆ ೬,೦೦೦ ರೂಪಾಯಿಗಳನ್ನು ಮೂರು ಕಂತಿನಲ್ಲಿ ಖಾತೆಗೇ ಹಾಕತೊಡಗಿತು. ೨೦೨೩ರಲ್ಲಿ ಕರ್ನಾಟಕ ಸರಕಾರವು ಗೃಹಲಕ್ಷ್ಮಿಯೆಂದು ಮನೆಯ ಯಜಮಾನಿಗೆ ತಿಂಗಳಿಗೆ ೨,೦೦೦ ರೂಪಾಯಿಯ ಯೋಜನೆಯನ್ನು ತಂದಿತು. ಉದ್ಯೋಗಖಾತರಿಯ ಕೂಲಿ, ವೃದ್ಧಾಪ್ಯವೇತನ ಮೊದಲಾದವುಗಳೂ ಖಾತೆಯ ದಾರಿಯನ್ನೇ ಹಿಡಿದಿವೆ. ನಡುವಿನವರ ಕೈ ತಪ್ಪಿಸಿದ ಈ ಏರ್ಪಾಡನ್ನು ನಾವು ಮನಸಾರೆ ಮೆಚ್ಚುವೆವು. ಆದರೆ ಹಣವನ್ನು ಬಾಗಿಲವರೆಗೆ ತಂದು, ಬಾಗಿಲಿನ ಬೀಗ ಹೇಗೆ ತೆರೆಯುವದು, ಹೇಗೆ ಹಾಕುವದು ಎಂಬದನ್ನು ಮಾತ್ರ ಪರಭಾಷೆಯಲ್ಲಿ ಬರೆದು ಹೋದರೆ ಏನು ಹೇಳೋಣ?

ಬ್ಯಾಂಕು ಹೇಳದಿದ್ದುದನ್ನು ಹೇಳಲು ಒಬ್ಬನು ಸಿದ್ಧನಾಗಿಯೇ ಇರುವನು. ಅವನು ಕಳ್ಳನು. ಇಲ್ಲಿಯ ವಿಪರ್ಯಾಸವನ್ನು ವಾಚಕರು ಗಮನಿಸಬೇಕು. ಬ್ಯಾಂಕಿನಿಂದ ಮೊಬೈಲಿಗೆ ಬರುವ ಸೂಚನೆ ಬಹುಮಟ್ಟಿಗೆ ಇಂಗ್ಲೀಷಿನಲ್ಲಿ, ಅದೂ ಅರ್ಧಕ್ಕೆ ಕತ್ತರಿಸಿದ ಅಕ್ಷರಗಳಲ್ಲಿ ಬರುವದು. ಕಳ್ಳನ ಕರೆ ಬರುವದು ಸವಿಗನ್ನಡದಲ್ಲಿ. "ಯಜಮಾನರೇ, ನಿಮಗೆ ಸರಕಾರದ ಹಣ ಮಂಜೂರಾಗಿದೆ. ಖಾತೆಗೆ ಬೀಳಬೇಕಾದರೆ ನಿಮ್ಮ ಪಿನ್ನು ಒತ್ತಬೇಕು. ಗಡಿಬಿಡಿ ಬೇಡ, ನಾನು ಹೇಳಿಕೊಡುತ್ತೇನೆ." ಇಷ್ಟು ತಾಳ್ಮೆಯಿಂದ, ಇಷ್ಟು ಮರ್ಯಾದೆಯಿಂದ ಆ ರೈತನೊಡನೆ ಯಂತ್ರದ ವಿಷಯ ಮಾತನಾಡಿದವನು ಅವನ ಜನ್ಮದಲ್ಲಿ ಇವನೇ ಮೊದಲಿಗನು! ಹಣ ಬರುವಾಗ ಗುರುತು ಒತ್ತುವದು ಹಳೆಯ ರೂಢಿಯೆಂದು ಮೇಲೆ ಹೇಳಿದೆವಷ್ಟೆ. ಕಳ್ಳನು ಆ ರೂಢಿಯನ್ನು ಚೆನ್ನಾಗಿ ಬಲ್ಲನು. ಆದ್ದರಿಂದಲೇ ಅವನ ಮಾತು ಸಹಜವೆಂದು ತೋರುವದು. ಮೋಸಹೋದವನನ್ನು ದಡ್ಡನೆನ್ನುವವರೇ ವಿಷಯವನ್ನು ತಿಳಿಯದವರು.

ಹಾಗಾದರೆ ನಿಜವೇನು? ಯು.ಪಿ.ಐ. ಎಂಬ ಏರ್ಪಾಡು ೨೦೧೬ರಲ್ಲಿ ಆರಂಭವಾಯಿತು. ಮೊಬೈಲಿನೊಳಗೆ ಹಣವಿದೆಯೆಂದು ಎಷ್ಟೋ ಜನ ತಿಳಿದಿರುವರು, ಹಾಗಿಲ್ಲ. ಮೊಬೈಲು ಥೈಲಿಯಲ್ಲ, ಚೀಟಿ ಒಯ್ಯುವ ಆಳು. ಮಂಡಿಯ ಇಬ್ಬರು ವ್ಯಾಪಾರಿಗಳು ಕೈಯಲ್ಲಿ ನಗದು ಮುಟ್ಟದೆ, ಚೀಟಿ ಕಳಿಸಿ, ಒಬ್ಬನ ಕಿರ್ದಿಯಲ್ಲಿ ಖರ್ಚು ಬರೆದು ಇನ್ನೊಬ್ಬನದರಲ್ಲಿ ಜಮಾ ಬರೆಯುವಂತೆ, ಎರಡು ಬ್ಯಾಂಕುಗಳ ಪುಸ್ತಕದಲ್ಲಿ ಎರಡು ಸಾಲು ಏರುವವು, ಅಷ್ಟೇ. ಪಿನ್ನು ಎಂಬದು ಆ ಚೀಟಿಯ ಕೆಳಗಿನ ರುಜು. ಕೊಡುವವನು ರುಜು ಹಾಕಬೇಕು, ತೆಗೆದುಕೊಳ್ಳುವವನು ಹಾಕಬೇಕಾಗಿಲ್ಲ. ಆದಕಾರಣ ಹಣ ಬರಲಿಕ್ಕೆ ಪಿನ್ನು ಎಂದೂ ಬೇಡ. ಒತ್ತು ಎಂದವನು ನಿಮ್ಮಿಂದ ತೆಗೆಯುತ್ತಿರುವನೇ ಹೊರತು ನಿಮಗೆ ಕೊಡುತ್ತಿಲ್ಲ. ಇನ್ನು ಓ.ಟಿ.ಪಿ. ಎಂಬದು ಒಂದೇ ಸಲ ತೆರೆಯುವ ಬೀಗದ ಕೈ. ಆ ಮೊಬೈಲು ನಿಮ್ಮ ಕೈಯಲ್ಲಿಯೇ ಇದೆಯೋ ಎಂದು ಪರೀಕ್ಷಿಸಲು ಬ್ಯಾಂಕು ಅದನ್ನು ಕಳಿಸುವದು. ಬೇರೊಬ್ಬನಿಗೆ ಓದಿ ಹೇಳಿದರೆ ಮನೆಯ ಕೀಲಿಯನ್ನು ಕಿಟಕಿಯಿಂದ ಹೊರಗೆ ಕೊಟ್ಟಂತೆ. ಮೋಸವಾದದ್ದು ತಿಳಿದ ಕೂಡಲೇ ೧೯೩೦ ಎಂಬ ಸಂಖ್ಯೆಗೆ ಕರೆಮಾಡಬೇಕೆಂದು ಸರಕಾರ ಹೇಳಿದೆ. "ಕೂಡಲೇ" ಯಾಕೆಂಬದನ್ನು ಮಾತ್ರ ಯಾರೂ ಹೇಳುವದಿಲ್ಲ. ಕದ್ದ ಹಣ ಒಂದು ಖಾತೆಯಲ್ಲಿ ನಿಲ್ಲದೆ ಎರಡನೆಯದಕ್ಕೆ, ಮೂರನೆಯದಕ್ಕೆ ಜಿಗಿಯುವದು. ಜಿಗಿಯುವ ಮೊದಲು ಸುದ್ದಿ ಮುಟ್ಟಿದರೆ ಆ ಖಾತೆಯಲ್ಲಿಯೇ ತಡೆಹಿಡಿಯಲು ಬರುವದು. ಸಂಜೆಯವರೆಗೆ ನಾಚಿಕೆಯಿಂದ ಸುಮ್ಮನಿದ್ದರೆ ಅದು ಹೋದ ದಾರಿಯೂ ಸಿಗದು.

ನೂರು ರೂಪಾಯಿಯ ನೋಟನ್ನು ತಿರುವಿ ನೋಡಿರಿ. ಅಲ್ಲಿ ಹದಿನೈದು ಭಾಷೆಗಳ ಸಾಲಿನಲ್ಲಿ ಕನ್ನಡವೂ ಇದೆ. ಕಾಗದದ ಹಣವು ಕನ್ನಡದಲ್ಲಿ ತನ್ನ ಬೆಲೆಯನ್ನು ಹೇಳಿಕೊಳ್ಳುವದು. ತಂತಿಯ ಮೇಲಿನ ಹಣವು ಮೂಕವಾಗುವದು. ಬ್ಯಾಂಕುಗಳು ಗಿರಾಕಿಗಳಿಗೆ ಕೊಡುವ ಮುದ್ರಿತ ಕಾಗದಗಳು ಇಂಗ್ಲೀಷು, ಹಿಂದಿ, ಪ್ರಾಂತಭಾಷೆ ಈ ಮೂರರಲ್ಲಿಯೂ ಇರಬೇಕೆಂದು ರಿಜರ್ವ್ ಬ್ಯಾಂಕೇ ಸೂಚಿಸಿರುವದು. ಹಣ ಕೊಡುವ ಏ.ಟಿ.ಎಂ. ಯಂತ್ರಗಳಲ್ಲಿ ಕನ್ನಡವನ್ನು ಆರಿಸಿಕೊಳ್ಳಲಿಕ್ಕೆ ಬರುವದು. ಆದ್ದರಿಂದ ಆಗದ ಕೆಲಸವೆಂಬ ನೆವ ಇಲ್ಲಿ ನಿಲ್ಲುವದಿಲ್ಲ.

ಹಣಕಾಸಿನ ಮಾತೇನೋ ಸುಲಭ, ದೊಡ್ಡ ಯಂತ್ರಶಾಸ್ತ್ರವನ್ನು ಜನಕ್ಕೆ ಹೇಳಲಾದೀತೇ ಎಂದು ಕೆಲವರು ಕೇಳಿಯಾರು. ಅವರನ್ನು ನಾವು ಹೊಸಪೇಟೆಗೆ ಕರೆದೊಯ್ಯುವೆವು. ೨೦೨೪ನೆಯ ಆಗಸ್ಟ್ ೧೦ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ ೧೯ನೆಯ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಕೊಂಡು ಹೋಯಿತು. ಜಲಾಶಯ ತುಂಬಿ ನಿಂತಿದ್ದ ಹೊತ್ತು ಅದು. ಆ ಒಂದು ಕಿಂಡಿಯಿಂದಲೇ ಸುಮಾರು ೩೫,೦೦೦ ಕ್ಯೂಸೆಕ್ಸ್ ನೀರು ಹರಿಯಿತು. ಉಳಿದ ೩೨ ಗೇಟುಗಳನ್ನೂ ತೆರೆಯಲಾಯಿತು. ಕಂಪ್ಲಿಯ ಕಡೆಯ ನದೀದಡದ ಜನರಿಗೆ ಪ್ರವಾಹದ ಭಯ, ಕಾಲುವೆಯ ರೈತರಿಗೆ ಬೆಳೆಯ ಚಿಂತೆ. ನೀರು ಸುಮ್ಮನೆ ಹೋಗುತ್ತಿರುವಾಗ ಮಿಕ್ಕ ಗೇಟುಗಳನ್ನೂ ತೆರೆಯುವದೆಂಥ ಬುದ್ಧಿ ಎಂದು ರೈತನು ಕೇಳಿದರೆ ಅದು ಮೂರ್ಖಪ್ರಶ್ನೆಯಲ್ಲ, ಕೇಳಲೇಬೇಕಾದ ಪ್ರಶ್ನೆ. ಅದಕ್ಕೆ ಉತ್ತರವಾಗಿ ಬಂದದ್ದು ಕ್ಯೂಸೆಕ್ಸ್, ಟಿ.ಎಂ.ಸಿ., ಕ್ರೆಸ್ಟ್ ಗೇಟ್, ಸ್ಟಾಪ್ ಲಾಗ್ ಎಂಬ ಶಬ್ದಗಳ ಸುರಿಮಳೆ.

ಈ ಶಬ್ದಗಳನ್ನು ಬಿಡಿಸಿದರೆ ಒಳಗಿರುವದು ನಮ್ಮ ಕೆರೆಬಾವಿಗಳ ಪರಿಚಿತ ವಿದ್ಯೆಯೇ. ಒಂದು ಕ್ಯೂಸೆಕ್ ಎಂದರೆ ಒಂದು ಸೆಕೆಂಡಿಗೆ ಸುಮಾರು ೨೮ ಲೀಟರು, ಅಂದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಎರಡು ಕೊಡ ನೀರು. ಹನ್ನೊಂದೂವರೆ ಸಾವಿರ ಕ್ಯೂಸೆಕ್ಸ್ ಒಂದು ಹಗಲು ಒಂದು ರಾತ್ರಿ ಹರಿದರೆ ಒಂದು ಟಿ.ಎಂ.ಸಿ. ಆಗುವದು. ಅಂದರೆ ಆ ಒಂದೇ ಕಿಂಡಿಯಿಂದ ದಿನಕ್ಕೆ ಮೂರು ಟಿ.ಎಂ.ಸಿ. ಹೋಗುತ್ತಿತ್ತೆಂದು ಯಾವ ರೈತನೂ ಲೆಕ್ಕ ಹಾಕಿಯಾನು. ಗೇಟು ಎಂದರೆ ೬೦ ಅಡಿ ಅಗಲ, ೨೦ ಅಡಿ ಎತ್ತರದ ಉಕ್ಕಿನ ಬಾಗಿಲು. ಅಣೆಕಟ್ಟಿನ ನೆತ್ತಿಯ ಮೇಲೆ ನಿಂತಿರುವದು. ಅಷ್ಟು ಭಾರವನ್ನು ಬರಿಯ ಮೋಟರಿನಿಂದ ಎತ್ತುವದು ಕಷ್ಟವಾದ್ದರಿಂದ, ಏತದ ಒಂದು ತುದಿಗೆ ಕಲ್ಲು ಕಟ್ಟಿ ಇನ್ನೊಂದು ತುದಿಯ ಬಾನಿಯನ್ನು ಹಗುರಮಾಡುವಂತೆ, ಚೈನಿನ ಆಚೆತುದಿಗೆ ಸರಿತೂಕದ ಭಾರವನ್ನು ತೂಗಬಿಟ್ಟಿರುವರು. ಏತದ ಹಗ್ಗ ಹರಿದರೆ ಏನಾಗುವದೋ ಅಂದು ಅದೇ ಆಯಿತು. ಬಾಗಿಲು ಹೋಯಿತು, ಗೋಡೆ ನಿಂತೇ ಇತ್ತು. "ಬಾಗಿಲು ಮುರಿದಿದೆ, ಮನೆ ಬಿದ್ದಿಲ್ಲ" ಎಂಬ ನಾಲ್ಕು ಶಬ್ದವನ್ನು ಮೊದಲ ಗಂಟೆಯಲ್ಲಿಯೇ ಡಂಗುರ ಸಾರಿದ್ದರೆ ಎಷ್ಟು ಜನರ ಎದೆಬಡಿತ ಕಡಮೆಯಾಗುತ್ತಿದ್ದೀತು!

ಇನ್ನು ಮಿಕ್ಕ ಗೇಟುಗಳ ಸಂಗತಿ. ಜಲಾಶಯ ತುಂಬಿದಾಗ ನೀರಿನ ಮಟ್ಟ ೧೬೩೩ ಅಡಿ. ಬಾಗಿಲಿನ ಹೊಸ್ತಿಲು ೧೬೧೩ ಅಡಿಯಲ್ಲಿದೆ. ಹೊಸ್ತಿಲ ಮೇಲೆ ಇಪ್ಪತ್ತಡಿ ನೀರು ನೂಕುತ್ತಿರುವಾಗ ಅಲ್ಲಿ ಏನನ್ನೂ ಇಳಿಸಲಾಗದು. ಮೊದಲು ಮಟ್ಟ ತಗ್ಗಬೇಕು, ಒಂದೇ ಕಿಂಡಿಯನ್ನು ನಂಬಿದರೆ ತಡವಾಗುವದು, ಒತ್ತಡವೂ ಹಂಚಿಹೋಗಬೇಕು. ಅದಕ್ಕೆ ಎಲ್ಲ ಬಾಗಿಲುಗಳನ್ನು ತೆರೆದದ್ದು. ಸ್ಟಾಪ್ ಲಾಗ್ ಎಂಬದು ಮತ್ತೇನೂ ಅಲ್ಲ, ಹಲಗೆ. ಕಾಲುವೆಯ ಕಿಂಡಿಗೆ ಎರಡೂ ಬದಿಯ ಗಾಡಿಯಲ್ಲಿ ಹಲಗೆಯ ಮೇಲೆ ಹಲಗೆಯಿಳಿಸಿ ನೀರು ಕಟ್ಟುವದನ್ನು ನೋಡದ ರೈತನುಂಟೇ? ಇಲ್ಲಿ ಮರದ ಬದಲು ಉಕ್ಕು. ನಾಲ್ಕು ನಾಲ್ಕು ಅಡಿಯ ಐದು ತುಂಡುಗಳು, ಕೂಡಿಸಿದರೆ ಇಪ್ಪತ್ತಡಿ. ಅಣೆಕಟ್ಟಿನ ಗೇಟುಗಳ ಕೆಲಸದಲ್ಲಿ ನುರಿತ ಎನ್. ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲಿಯೇ, ಆಗಸ್ಟ್ ೧೬, ೧೭ರಂದು ಆ ತುಂಡುಗಳನ್ನಿಳಿಸಿ ಕಿಂಡಿಯನ್ನು ಮುಚ್ಚಿದರು. ಅದು ಸಾಹಸವೇ ಸರಿ. ನಾವು ಆ ಕೆಲಸಗಾರರಿಗೆ ಕೈಮುಗಿಯುವೆವು. ಹಳೆಯ ಗೇಟುಗಳೆಲ್ಲವನ್ನೂ ಬದಲಿಸಬೇಕೆಂಬ ನಿರ್ಧಾರವು ಮುಂದೆ ಬಂದಿತು. ಬೆಳೆಗೆ ನೀರು ಬಿಡುವದೋ, ಗೇಟು ಬದಲಿಸಲು ಜಲಾಶಯವನ್ನು ತಗ್ಗಿಸುವದೋ ಎಂಬ ಪ್ರಶ್ನೆ ರೈತನ ವರ್ಷದ ಅನ್ನದ ಪ್ರಶ್ನೆ. ಕಾರಣ ತಿಳಿಯದ ರೈತನು ಅದನ್ನು ಅನ್ಯಾಯವೆಂದೇ ತಿಳಿಯುವನು. ಕಾರಣ ತಿಳಿದವನು ಕಷ್ಟವನ್ನು ಸಹಿಸಿಯಾನು, ಇಲ್ಲವೆ ತೂಕದ ಮಾತಿನಿಂದ ವಾದಿಸಿಯಾನು. ಅಧಿಕಾರಿಗಳಿಗೆ ಈ ಎರಡನೆಯದೇ ಹೆಚ್ಚು ಅಂಜಿಕೆಯ ಸಂಗತಿಯೋ ಏನೋ!

ಇಲ್ಲಿಯವರೆಗೆ ನಾವು ಇಂಗ್ಲೀಷಿನ ಮರೆಯಲ್ಲಿ ನಿಂತವರನ್ನು ಕುರಿತು ಬರೆದೆವು. ಇನ್ನೊಂದು ಪಂಗಡವಿದೆ, ಅದು ನಮ್ಮವರದೇ. ಕನ್ನಡದಲ್ಲಿ ಬರೆಯಿರೆಂದರೆ ಇಂಗ್ಲೀಷಿಗಿಂತ ಗಡುಸಾದ ಕನ್ನಡವನ್ನು ಕಡೆದು ಕೊಡುವವರ ಪಂಗಡ. "ಜೈವಿಕಮಾಪನ ದೃಢೀಕರಣವು ವಿಫಲಗೊಂಡಿರುತ್ತದೆ" ಎಂದು ಪರದೆಯ ಮೇಲೆ ಮೂಡಿದರೆ ಬಂಡ್ರಿಯ ಮುದುಕಿಗೆ ಆದ ಲಾಭವೇನು? "ಬೆರಳಿನ ಗುರುತು ಹೊಂದಲಿಲ್ಲ, ಬೆರಳು ಒರೆಸಿ ಇನ್ನೊಮ್ಮೆ ಇಡಿರಿ" ಎಂದರೆ ಏನು ಕಳೆಯಿತು? ಕಲ್ಲುಮಣ್ಣು ಹೊತ್ತವರ ಬೆರಳಿನ ಗೆರೆಗಳು ಸವೆದಿರುವವೆಂದೂ, ಒಂದು ಬೆರಳು ಹೊಂದದಿದ್ದರೆ ಇ‍ನ್ನೊಂದನ್ನು ಇಡಬಹುದೆಂದೂ ಕೂಡಿಸಿ ಹೇಳಿದರೆ ಅವಳು ತನ್ನದೇ ತಪ್ಪೆಂದು ತಲೆತಗ್ಗಿಸಿ ಮನೆಗೆ ಹೋಗುವದು ತಪ್ಪುವದು. ಮೋಟರು, ಸ್ಟಾರ್ಟರು, ಬ್ಯಾಂಕು, ಗೇಟು, ಪಿನ್ನು ಇವು ಜನರು ತಮ್ಮ ನಾಲಗೆಯಲ್ಲಿ ಪಳಗಿಸಿಕೊಂಡ ಶಬ್ದಗಳು. ಅವುಗಳನ್ನು ಓಡಿಸಿ ಆ ಸ್ಥಾನದಲ್ಲಿ ನಿಘಂಟಿನ ಅತಿಥಿಗಳನ್ನು ಕೂಡಿಸುವದು ಭಾಷಾಭಿಮಾನವಲ್ಲ. ಪತ್ರಿಕೆಯಲ್ಲಿ ವಾದ ಹೂಡುವಾಗ ಪ್ರೌಢಶೈಲಿ ಸಲ್ಲುವದು; ಯಂತ್ರದ ಮುಂದೆ ನಿಂತವನಿಗೆ ಅದು ಸಲ್ಲದು. ಹೊಸ ಸಂಗತಿಗೆ ಹೊಸ ಶಬ್ದ ಬೇಡವೆಂದಲ್ಲ. ಕೊಳವೆಬಾವಿ ಎಂಬದೂ ಒಂದು ದಿನ ಹೊಸದಾಗಿಯೇ ಇತ್ತು. ಕೇಳಿದ ಕೂಡಲೇ ಕಣ್ಣಿಗೆ ಕಟ್ಟುವಂತಿದ್ದುದರಿಂದ ನಿಂತಿತು.

ಕನ್ನಡದಲ್ಲಿ ಶಾಸ್ತ್ರ ಹೇಳುವದು ಇಂದಿನ ಹುಚ್ಚಲ್ಲ. ಸುಮಾರು ೧೦೨೫ರಲ್ಲಿ ಎರಡನೆಯ ಚಾವುಂಡರಾಯನು ಲೋಕೋಪಕಾರವೆಂಬ ಗ್ರಂಥದಲ್ಲಿ ನೆಲದೊಳಗಿನ ನೀರನ್ನು ಗುರುತಿಸುವದರಿಂದ ಹಿಡಿದು ಅಡಿಗೆಯವರೆಗೆ ಗೃಹಸ್ಥನಿಗೆ ಬೇಕಾದ ವಿದ್ಯೆಗಳನ್ನು ಕನ್ನಡಿಸಿಟ್ಟನು. ಮುಂದಿನ ಶತಮಾನದಲ್ಲಿ ಕೀರ್ತಿವರ್ಮನು ದನಗಳ ವೈದ್ಯವನ್ನೂ, ರಾಜಾದಿತ್ಯನು ಗಣಿತವನ್ನೂ ಕನ್ನಡದಲ್ಲಿ ಬರೆದರು. ೧೯೧೮ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ಬೆಂಗಳೂರಿನಲ್ಲಿ ವಿಜ್ಞಾನವೆಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ೧೯೩೬ರಲ್ಲಿ ಶಿವರಾಮ ಕಾರಂತರು ಮಕ್ಕಳಿಗಾಗಿ ಬಾಲಪ್ರಪಂಚವನ್ನು ಒಬ್ಬರೇ ಕೂತು ಬರೆದು ಮುಗಿಸಿದರು. ಗಣಕದಲ್ಲಿ ಕನ್ನಡ ಮೂಡದೆಂದು ಗೊಣಗುತ್ತಿದ್ದವರಿಗೆ ಕಿನ್ನಿಕಂಬಳ ಪದ್ಮನಾಭರಾಯರು ತಮ್ಮ ಕೀಲಿಮಣೆಯ ವಿನ್ಯಾಸದಿಂದಲೇ ಉತ್ತರ ಕೊಟ್ಟರು. ೨೦೦೦ದ ಆಚೀಚೆ ಭೂಮಿ ಎಂಬ ಯೋಜನೆಯಲ್ಲಿ ಸುಮಾರು ೨ ಕೋಟಿ ಪಹಣಿಗಳು ಗಣಕಕ್ಕೇರಿದವು; ಆ ಪಹಣಿ ಇಂದಿಗೂ ಕನ್ನಡದಲ್ಲಿಯೇ ಅಚ್ಚಾಗಿ ಬರುವದು. ಹೊಲದ ದಾಖಲೆಗೆ ಕನ್ನಡ ಸಾಕಾಯಿತು; ಅದೇ ಹೊಲದ ಬೆಳೆಸಾಲದ ಸೂಚನೆಗೆ ಸಾಲದಾಯಿತೇ?

ಬಳ್ಳಾರಿ ಜಿಲ್ಲೆಯು ೧೯೫೩ರ ಅಕ್ಟೋಬರ್ ೧ರವರೆಗೆ ಮದರಾಸಿಗೆ ಸೇರಿತ್ತು; ಸಂಡೂರು ಸಂಸ್ಥಾನವೂ ೧೯೪೯ರಲ್ಲಿ ಅದರಲ್ಲಿಯೇ ವಿಲೀನವಾಗಿತ್ತು. ತನಗೆ ತಿಳಿಯದ ಭಾಷೆಯ ಕಚೇರಿಯಲ್ಲಿ ಅರ್ಜಿ ಹಿಡಿದು ನಿಲ್ಲುವ ಕಷ್ಟ ಯಾವದೆಂದು ಈ ಸೀಮೆಗೆ ಯಾರೂ ಬೋಧಿಸಬೇಕಾಗಿಲ್ಲ. ಬಳ್ಳಾರಿಯು ಕನ್ನಡನಾಡಿಗೆ ಬರಬೇಕೆಂಬ ಹೋರಾಟದಲ್ಲಿ ರಂಜಾನ್ ಸಾಹೇಬರು ಪ್ರಾಣವನ್ನೇ ತೆತ್ತರು. ೧೯೫೬ರಲ್ಲಿ ನಾಡು ಒಂದಾಯಿತು. ಹರಿದುಹೋದ ನಕಾಶೆಯ ತುಂಡುಗಳನ್ನು ಹೊಲಿಯುವದಷ್ಟಕ್ಕೇ ಹಿರಿಯರು ದುಡಿಯಲಿಲ್ಲ. ಜನರ ಮೇಲೆ ನಡೆಯುವ ಆಳಿಕೆ ಜನರ ಮಾತಿನಲ್ಲಿ ನಡೆಯಬೇಕೆಂಬದೇ ಅವರ ವಾದದ ಬೇರಾಗಿತ್ತು. ತಾಲೂಕು ಕಚೇರಿಯ ಮೇಜಿನ ಮೇಲೆ ಅದು ಬಹಳಮಟ್ಟಿಗೆ ಸಾಧಿಸಿತು. ಆದರೆ ಈಗ ಆಳಿಕೆಯ ಅರ್ಧವು ಮೇಜಿನಿಂದ ಇಳಿದು ಅಂಗೈಯ ಮೊಬೈಲಿಗೆ, ಗಾಜಿನ ಪೆಟ್ಟಿಗೆಗೆ ಬಂದು ಕೂತಿದೆ. ಆ ಅಂಗೈಯೊಳಗಿನ ಕಚೇರಿಯನ್ನು ಕನ್ನಡಕ್ಕೆ ತರುವ ಕೆಲಸ ಬಾಕಿಯಿದೆ.

ನಾವು ಕೇಳುವದು ಬಹಳವಲ್ಲ. ಹಳ್ಳಿಯ ಖಾತೆದಾರನಿಗೆ ಹೋಗುವ ಸೂಚನೆ, ಅವನು ಬೇರೆ ಭಾಷೆ ಬೇಕೆಂದು ಹೇಳದ ಹೊರತು, ಕನ್ನಡದಲ್ಲಿ ಹೋಗಲಿ. ಓದು ಬಾರದವರಿಗಾಗಿ ಬೆರಳಿನ ಪೆಟ್ಟಿಗೆಯು ಬೆರಳಿಡುವ ಮುಂಚೆಯೇ "ಹಣ ತೆಗೆಯುವದು, ಐನೂರು ರೂಪಾಯಿ" ಎಂದು ಬಾಯಿಬಿಟ್ಟು ಕನ್ನಡದಲ್ಲಿ ಹೇಳಲಿ; ಬಸ್‌ನಿಲ್ದಾಣದಲ್ಲಿ, ರೈಲಿನಲ್ಲಿ ಯಂತ್ರಗಳು ಮಾತನಾಡುವ ಕಾಲದಲ್ಲಿ ಇದೇನು ಅಸಾಧ್ಯವಲ್ಲ. ಆಧಾರಿನ ಬೆರಳುಗುರುತಿಗೆ ಬೀಗ ಹಾಕಿಸಿಡಲು ಬರುವದೆಂಬದನ್ನೂ, ಬೀಗವಿರುವಷ್ಟು ಹೊತ್ತು ಆ ಬೆರಳು ಎಲ್ಲಿಯೂ ನಡೆಯದೆಂಬದನ್ನೂ, ಬೇಕಾದಾಗ ತೆರೆದುಕೊಳ್ಳಬಹುದೆಂಬದನ್ನೂ ಪಂಚಾಯತಿಯಲ್ಲಿ ತಿಳಿಸಲಿ. ಹೇಳಿದ ಮೇಲೆ "ತಿಳಿಯಿತೇ?" ಎಂದು ಕೇಳಿ ಎದ್ದುಹೋಗಬಾರದು; ಆ ಪ್ರಶ್ನೆಗೆ ನಮ್ಮ ಜನ ಮರ್ಯಾದೆಗಾಗಿಯಾದರೂ ಹೌದೆನ್ನುವರು. "ನಾಳೆ ನಿಮ್ಮ ಸೊಸೆಗೆ ಇದನ್ನು ಹೇಗೆ ಹೇಳುವಿರಿ, ಒಮ್ಮೆ ಹೇಳಿರಮ್ಮಾ" ಎಂದು ಕೇಳಬೇಕು. ಅವಳು ತನ್ನ ಮಾತಿನಲ್ಲಿ ಹೇಳಿದಳೆಂದರೆ ಅಧಿಕಾರಿಯ ಕೆಲಸ ಮುಗಿಯಿತು. ಹೇಳಲಾಗದಿದ್ದರೆ ಅಧಿಕಾರಿಯೇ ಇನ್ನೊಮ್ಮೆ ಹೇಳಬೇಕು.

ಇದಕ್ಕೆಲ್ಲ ಮೇಲಿನ ಆಜ್ಞೆ ಬರಬೇಕೆನ್ನುವವರಿಗಾಗಿ, ಆಜ್ಞೆಯಿಲ್ಲದೆಯೂ ಆಗುವ ಒಂದು ಕೆಲಸವನ್ನು ಹೇಳುವೆವು. ಬೆರಳು ಇಡಿಸಿ ಹಣ ಕೊಡುವ ಪ್ರತಿಯೊಂದು ಸ್ಥಳದ ಗೋಡೆಗೆ ಒಂದು ಹಲಗೆ ಹಾಕಲಿ. ಅದರ ಮೇಲೆ ದಪ್ಪಕ್ಷರದಲ್ಲಿ ಇಷ್ಟು ಬರೆದರೆ ಸಾಕು: "ಬೆರಳು ಇಡುವ ಮುಂಚೆ ಕೇಳಿರಿ: ಬಾಕಿ ನೋಡುವದೋ, ಹಣ ತೆಗೆಯುವದೋ? ಎಷ್ಟು ರೂಪಾಯಿ? ಇಟ್ಟ ಮೇಲೆ ಚೀಟಿ ಕೇಳಿ ತೆಗೆದುಕೊಳ್ಳಿರಿ. ಮೊಬೈಲಿಗೆ ಹಣ ಬರಲಿಕ್ಕೆ ಪಿನ್ನು ಬೇಡ. ಮೋಸವಾದರೆ ಆ ಗಳಿಗೆಯಲ್ಲಿಯೇ ೧೯೩೦." ಓದು ಬಲ್ಲ ಹುಡುಗರು ಬಾರದವರಿಗೆ ಓದಿ ಹೇಳುವರು. ಒಂದು ಹಲಗೆ, ಒಂದು ಡಬ್ಬಿ ಬಣ್ಣ, ಅರ್ಧ ದಿನದ ಕೂಲಿ. ಬಂಡ್ರಿಯಲ್ಲಿ ಅದನ್ನು ಮೊದಲು ತೂಗುಹಾಕಲಿ. ಖರ್ಚು ಯಾವ ಇಲಾಖೆಯ ಲೆಕ್ಕಕ್ಕೆಂಬ ಪತ್ರವ್ಯವಹಾರವು ಆಮೇಲೆ ಬೇಕಾದಷ್ಟು ದಿನ ನಡೆಯಲಿ.